ಕೊಂಢವಾದಲ್ಲಿ ಕಟ್ಟಿದ ಮೂರು ಗಂಟು

ಧಾರವಾಡದಿಂದ ಪುಣೆಯ ಬಸ್ಸು ಬೆಳಿಗ್ಗೆ ಆರಕ್ಕೆ ಬಿಡಬೇಕಿತ್ತು, ಆರೂವರೆಗೆ ಬಿಟ್ಟಿತು. ಆಷಾಢದ ಜಿಟಿಜಿಟಿ ಮಳೆ. ಟಿಕೆಟ್ಟು ಇನ್ನೂರಕ್ಕೆ ಸ್ವಲ್ಪ ಕಡಿಮೆ. ಕಂಡಕ್ಟರ್ ನನ್ನ ತೊಡೆಯ ಮೇಲೆ ಮಲಗಿದ್ದ ವಾದ್ಯವನ್ನು ನೋಡಿ, "ಅದನ್ನ ಮ್ಯಾಲೆ ಇಡ್ರಿ ಯಜಮಾನ್ರ, ಮಂದಿಗೆ ಅಡ್ಡ ಆಗ್ತದ," ಎಂದ. "ಮ್ಯಾಲೆ ಇಟ್ರ ಒಡೀತದ. ಬೇಕಾದ್ರ ನನ್ನನ್ನ ಮ್ಯಾಲೆ ಹಾಕು, ಅದು ಕುಂತು ಬರಲಿ," ಎಂದೆ. ಅವನು ನಗಲಿಲ್ಲ, ಆದರೆ ಬಿಟ್ಟುಬಿಟ್ಟ.

ಆ ವಾದ್ಯ ನಮ್ಮ ಕಡೆಯದಲ್ಲ. ಇರಾನಿನದು, ಹೆಸರು ಸೆತಾರ್. ಹೆಸರು ಕೇಳಿ ನಮ್ಮ ಸಿತಾರ್ ಎಂದುಕೊಳ್ಳಬೇಡಿ. ಇದರ ಬುರುಡೆ ದೊಡ್ಡ ತೆಂಗಿನಕಾಯಿಯಷ್ಟೇ, ಕೊರಳು ಸಪೂರ, ತಂತಿ ನಾಲ್ಕು. ನುಡಿಸುವುದು ತೋರುಬೆರಳಿನ ಉಗುರಿನಿಂದ. ಇದರ ಒಡೆಯ ಆರಶ್ ಎಂಬ ಇರಾನಿ ಹುಡುಗ, ಓದಲು ಪುಣೆಗೆ ಬಂದು ಅಲ್ಲೇ ಸಂಗೀತದ ಬೆನ್ನು ಹತ್ತಿದವನು. ಅವನ ತಂಡದಲ್ಲಿ ಕೀಬೋರ್ಡ್ ನುಡಿಸುವವಳು ಪುಣೆಯ ಕೊಂಢವಾದಲ್ಲಿರುವ ನನ್ನ ಅಕ್ಕ ಗಂಗಕ್ಕನ ಮಗಳು ವಿದ್ಯಾ. ತಂಡದಲ್ಲಿ ಡ್ರಮ್ಮೂ ಇದೆ, ಗಿಟಾರೂ ಇದೆ. ಹಳೆಯ ಇರಾನಿ ರಾಗಗಳನ್ನು ಇವುಗಳ ಜೊತೆ ಕೂಡಿಸುತ್ತಾರಂತೆ. ಗುಬ್ಬಿಯಷ್ಟು ದನಿಯ ವಾದ್ಯದ ಪಕ್ಕ ಡ್ರಮ್ ಯಾಕೆ ಬೇಕೋ ಎಂದು ನಾನು ಮೊದಲೇ ಮೂಗು ಮುರಿದಿದ್ದೆ.

ಎರಡು ತಿಂಗಳ ಹಿಂದೆ ವಿದ್ಯಾ ಈ ಸೆತಾರನ್ನು ಧಾರವಾಡಕ್ಕೆ ತಂದು ನನ್ನ ಕೈಗಿಟ್ಟಿದ್ದಳು. ಬುರುಡೆ ಸೀಳಿತ್ತು. ಇದು ಆರಶ್‌ನ ತಂದೆಯದು. ತಂದೆ ಶಿರಾಜ್‌ನಲ್ಲಿ ತೀರಿಕೊಂಡ ಮೇಲೆ ತಾಯಿ ಯಾರದೋ ಕೈಯಲ್ಲಿ ಕಳಿಸಿದ್ದರು, ದಾರಿಯಲ್ಲಿ ಒಡೆಯಿತು. "ಮಾಮಾ, ಇದು ಇಲ್ಲಿ ಬಂದ ಮ್ಯಾಲೆ ಅಂವ ಒಮ್ಮೆನೂ ನುಡಿಸಿಲ್ಲ. ರಿಪೇರಿ ಆಗಲಿ, ಅಪ್ಪ ಹೋಗಿ ವರ್ಷ ತುಂಬೋ ದಿವಸ ನುಡಸ್ತೀನಿ ಅಂತಾನ," ಎಂದಿದ್ದಳು. ಆ ದಿವಸಕ್ಕೆ ಈಗ ಎರಡೇ ದಿನ ಉಳಿದಿತ್ತು. ಪಾರ್ಸೆಲ್ ಮಾಡಲು ಮನಸ್ಸು ಒಪ್ಪದೆ ನಾನೇ ಹೊರಟಿದ್ದೆ.

ನನ್ನದು ಧಾರವಾಡದಲ್ಲಿ ವಾದ್ಯ ರಿಪೇರಿಯ ಅಂಗಡಿ. ನಲವತ್ತು ವರ್ಷದಿಂದ ಹಾರ್ಮೋನಿಯಂ ಪೇಟಿ, ಸಿತಾರ್, ತಂಬೂರಿ, ಸಾರಂಗಿ ಎಲ್ಲ ನನ್ನ ಕೈಯಲ್ಲಿ ಹಾದು ಹೋಗಿವೆ. ಈ ಬುರುಡೆಯನ್ನು ಎಂಥ ಚೆಂದ ಕೂಡಿಸಿದ್ದೆನೆಂದರೆ ಸೀಳು ಎಲ್ಲಿತ್ತೆಂದು ನಾನೇ ಹುಡುಕಬೇಕಾಗಿತ್ತು. ಅಷ್ಟಕ್ಕೆ ಬಿಡಲಿಲ್ಲ. ಸೆತಾರಿನ ಕೊರಳಿಗೆ ಕುರಿಯ ಕರುಳಿನ ದಾರದಿಂದ ಗಂಟು ಹಾಕಿರುತ್ತಾರೆ; ಆ ಗಂಟಿಗೆ ಪರದೆ ಎನ್ನುತ್ತಾರೆ, ಸ್ವರ ಹುಟ್ಟುವುದು ಅಲ್ಲಿ. ಈ ವಾದ್ಯದಲ್ಲಿ ಎರಡೆರಡು ಪರದೆಗಳ ನಡುವೆ, ಸಂಬಂಧವಿಲ್ಲದ ಜಾಗದಲ್ಲಿ, ನಾಲ್ಕು ಹೆಚ್ಚಿನ ಪರದೆಗಳಿದ್ದವು. ಕೋಮಲ ಗಾಂಧಾರವೂ ಅಲ್ಲ, ಶುದ್ಧ ಗಾಂಧಾರವೂ ಅಲ್ಲ. ಯಾರೋ ತಿಳಿಯದವರು ಕಟ್ಟಿದ್ದು ಎಂದುಕೊಂಡು ಕತ್ತರಿಸಿ ತೆಗೆದೆ. ಅವು ಕೂತಿದ್ದ ಗುರುತನ್ನೂ ಗಾಜುಕಾಗದದಿಂದ ಉಜ್ಜಿ ಕೊರಳಿಗೆಲ್ಲ ಹೊಸ ಪಾಲಿಶ್ ಕೊಟ್ಟೆ. ಇದಕ್ಕೆ ಬೇರೆ ಕೂಲಿ ಕೇಳಬಾರದು, ಪಾಪ ತಂದೆಯಿಲ್ಲದ ಹುಡುಗ ಎಂದೂ ನಿಶ್ಚಯಿಸಿದ್ದೆ. ದಾರಿಯುದ್ದಕ್ಕೂ ಅದೇ ಹೆಮ್ಮೆಯಲ್ಲಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ನಿಪ್ಪಾಣಿಯಲ್ಲಿ ಚಹಾ, ಕೊಲ್ಹಾಪುರದಲ್ಲಿ ಇಪ್ಪತ್ತು ನಿಮಿಷ ನಿಲುಗಡೆ. ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ಕಾಲ ಅದು. ಕರಾಡದ ಆಚೆ ಅರ್ಧ ರಸ್ತೆ ಕೆಸರು, ಅರ್ಧ ರಸ್ತೆ ಜಲ್ಲಿಕಲ್ಲು. ಸಾತಾರದಲ್ಲಿ ಮಿಸಳ ತಿಂದೆ, ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಕಾತ್ರಜ ಘಾಟಿನಲ್ಲಿ ಮಂಜು ಇಳಿದು ಬಸ್ಸು ಎತ್ತಿನ ಗಾಡಿಯ ನಡಿಗೆ ಹಿಡಿಯಿತು. ಸುರಂಗ ದಾಟಿ ಇಳಿದಾಗ ಕೆಳಗೆ ಪುಣೆಯ ದೀಪಗಳು ಸಂಜೆಗೆ ಮುಂಚೆಯೇ ಹತ್ತಿಕೊಂಡಿದ್ದವು. ನಾನೂರು ಕಿಲೋಮೀಟರಿಗೆ ಹನ್ನೊಂದು ತಾಸು ಹಿಡಿದಿತ್ತು.

ಕಾತ್ರಜದಲ್ಲಿ ವಿದ್ಯಾ ಕಾಯುತ್ತಿದ್ದಳು, ಆಫೀಸಿನಿಂದ ನೇರವಾಗಿ ಬಂದಿದ್ದಳು. ರಿಕ್ಷಾದವನ ಜೊತೆ ಮರಾಠಿಯಲ್ಲಿ ಜಗಳಾಡಿ ಒಪ್ಪಿಸಿ, ನನ್ನ ಕಡೆ ತಿರುಗಿ, "ಮಾಮಾ, ಮೊದಲ ಆರಶ್ ಕಡೆ ಹೋಗೋಣು. ಅಂವ ಮುಂಜಾನೆಯಿಂದ ಊಟಾನೂ ಮಾಡಿಲ್ಲ," ಎಂದಳು. ಕೊಂಢವಾದಲ್ಲಿ ಎಲ್ಲಿ ನೋಡಿದರೂ ಅರ್ಧ ಎದ್ದ ಕಟ್ಟಡಗಳು, ಬಿದಿರಿನ ಗಳ, ನೀಲಿ ತಾಡಪತ್ರಿ. ಮಳೆಯಲ್ಲಿ ಇಟ್ಟಿಗೆ ಹೊರುತ್ತಿದ್ದ ಹೆಣ್ಣುಮಕ್ಕಳು ನಮ್ಮ ಕಲಬುರ್ಗಿ ಕಡೆಯ ಕನ್ನಡ ಮಾತಾಡುತ್ತಿದ್ದರು.

ಆರಶ್‌ನ ಕೋಣೆ ಗಂಗಕ್ಕನ ಮನೆಯಿಂದ ಎರಡು ಗಲ್ಲಿ ಹಿಂದೆ, ಮೂರನೆಯ ಮಹಡಿ. ಇಪ್ಪತ್ತೇಳು, ಇಪ್ಪತ್ತೆಂಟರ ತೆಳ್ಳನೆಯ ಹುಡುಗ. ಬಾಗಿಲಲ್ಲೇ ಎದೆಯ ಮೇಲೆ ಕೈಯಿಟ್ಟು ಬಾಗಿ ನನ್ನನ್ನು "ಉಸ್ತಾದ್" ಎಂದು ಕರೆದ. ಅವನದು ಫಾರಸಿ ಬೆರೆತ ಹಿಂದಿ, ನನ್ನದು ಧಾರವಾಡದ ಹಿಂದಿ. ಇಬ್ಬರ ಮಾತನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಬಟ್ಟೆ ಬಿಚ್ಚಿದ. ಬುರುಡೆಯ ಮೇಲೆ ಅಂಗೈ ಆಡಿಸಿ, ಸೀಳು ಸಿಗದೆ, ನನ್ನ ಮುಖ ನೋಡಿದ. ಕಣ್ಣು ತುಂಬಿತ್ತು. ತಂತಿ ಹೊಂದಿಸಿ, ನೆಲದ ಮೇಲೆ ಕೂತು, ಕಣ್ಣು ಮುಚ್ಚಿ ಶುರುಮಾಡಿದ. ಮೊದಲ ಎರಡು ಸ್ವರ ಬಂದವು. ಮೂರನೆಯದಕ್ಕೆ ಬೆರಳು ಕೊರಳಿನ ಮೇಲೆ ಇಳಿಯಿತು, ಸ್ವರ ಸತ್ತುಹೋಯಿತು. ಮತ್ತೆ ಮೊದಲಿಂದ ನುಡಿಸಿದ, ಅಲ್ಲೇ ನಿಂತ. ಕಣ್ಣು ತೆರೆದು ಕೊರಳನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಇಲ್ಲಿ ಇದ್ದವು," ಎಂದ.

"ನಾಲ್ಕು ಹೆಚ್ಚಾಗಿದ್ದವು. ತೆಗೆದುಬಿಟ್ಟೆ. ಈಗ ಸರಿಯಾಗಿದೆ ನೋಡು," ಎಂದೆ ನಾನು, ಇನ್ನೂ ಹೆಮ್ಮೆಯಲ್ಲೇ.

ಅವನು ಸೆತಾರನ್ನು ಅದೇ ಬಟ್ಟೆಯಲ್ಲಿ ಸುತ್ತಿ ಹಾಸಿಗೆಯ ಮೇಲಿಟ್ಟು, "ನಿಮ್ಮ ಕೈ ತುಂಬ ಒಳ್ಳೆಯ ಕೈ, ಉಸ್ತಾದ್. ದಣಿದು ಬಂದಿದ್ದೀರಿ, ಚಹಾ ಕುಡಿಯಿರಿ," ಎಂದ. ಹಾಲಿಲ್ಲದ ಚಹಾ, ಸಕ್ಕರೆಯ ತುಂಡು ಬೇರೆ. ತಾನೇ ಬಗ್ಗಿ ಬಡಿಸಿದ. ವಿದ್ಯಾ ಲೋಟ ಮುಟ್ಟಲಿಲ್ಲ.

ಮೆಟ್ಟಿಲು ಇಳಿಯುವಾಗ ಅವಳು ಅಳುತ್ತಿದ್ದಳು. "ಮಾಮಾ, ಅವು ಹೆಚ್ಚಿನವು ಅಲ್ಲ. ಅವರ ಸಂಗೀತದಾಗ ಆ ನಡುವಿನ ಸ್ವರಾನೇ ಜೀವ. ನನ್ನ ಕೀಬೋರ್ಡಿನಾಗ ಆ ಸ್ವರ ಇಲ್ಲ. ಅದು ಬಂದಾಗ ನಾ ಕೈ ಎತ್ತಿ ಸುಮ್ಮ ಕೂಡ್ತೀನಿ. ಅವರಪ್ಪ ಎಲ್ಲಿ ಕಟ್ಟಿದ್ರು ಅನ್ನೋದು ಬ್ಯಾರೆ ಯಾರಿಗೂ ಗೊತ್ತಿಲ್ಲ. ನೀ ಗುರುತು ಸುದ್ದಾ ಉಜ್ಜಿ ಇಟ್ಟಿ."

ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಗಂಗಕ್ಕನ ಮನೆಯಲ್ಲಿ ರೊಟ್ಟಿ ಮುರಿಯುತ್ತ, "ನಲವತ್ತು ವರ್ಷ ಆತು ಈ ಕೆಲಸ ಮಾಡಾಕತ್ತು. ಬೇಸುರ ಯಾವುದು, ಸುರ ಯಾವುದು ನನಗ ತಿಳೀದನು?" ಎಂದೆ. ಗಂಗಕ್ಕ ಝುಣಕ ಬಡಿಸುತ್ತ, "ತಮ್ಮಾ, ನೀ ಅಂವನ್ನ ಕೇಳಿದ್ದೇನು, ತಗೀಲೇನಂತ?" ಎಂದಳು. ಕೇಳಿರಲಿಲ್ಲ. ಅಂಗಡಿಯಲ್ಲಿ ಫೋನ್ ಇತ್ತು, ವಿದ್ಯಾಳ ನಂಬರೂ ಇತ್ತು. ನಾಲ್ಕು ದಶಕ ಪೇಟಿಯ ಹಿತ್ತಾಳೆ ಪಟ್ಟಿ ಕೆರೆದು ಕೆರೆದು ಸ್ವರ ಕೂಡಿಸಿ, ಪೇಟಿಯಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎಂದು ನನ್ನ ಕಿವಿ ನಂಬಿಬಿಟ್ಟಿತ್ತು. ನಮ್ಮ ಹಾಡುಗಾರರೇ ಎಷ್ಟು ಸಲ ಎರಡು ಸ್ವರದ ನಡುವೆ ನಿಂತು ನಮ್ಮನ್ನು ಅಳಿಸಿಲ್ಲ? ಅದನ್ನೂ ಮರೆತಿದ್ದೆ.

ಮರುದಿನ ಬೆಳಿಗ್ಗೆ ಒಬ್ಬನೇ ಆರಶ್‌ನ ಕೋಣೆಗೆ ಹೋದೆ. ಸೆತಾರ್ ಹಾಸಿಗೆಯ ಮೇಲೆ ಹಾಗೇ ಇತ್ತು. "ತಪ್ಪಾಯಿತು," ಎಂದೆ. ಅವನು ಮತ್ತೆ ಚಹಾ ಎಂದ. "ಚಹಾ ಬೇಡ. ಬೈಯಿ," ಎಂದೆ. ಆಗ ಅವನು ಮೊದಲ ಸಲ ನಿಜ ಮಾತಾಡಿದ.

ಅವನ ತಂದೆ ಶಾಲೆಯ ಮೇಷ್ಟ್ರು. ಅಲ್ಲಿ ಸಂಗೀತದ ಮೇಲೆ ಕಟ್ಟುಪಾಡಿದ್ದ ಕಾಲವದು; ಮನೆಯ ಹಿಂದಿನ ಕೋಣೆಯಲ್ಲಷ್ಟೇ ನುಡಿಸುತ್ತಿದ್ದರು, ಸೆತಾರಿನ ದನಿ ಗೋಡೆ ದಾಟುವುದಿಲ್ಲವೆಂಬ ಕಾರಣಕ್ಕೇ ಅದನ್ನು ಇಟ್ಟುಕೊಂಡಿದ್ದರು. ರೆಕಾರ್ಡ್ ಮಾಡಲು ಎಂದೂ ಬಿಡಲಿಲ್ಲ. "ಪುಸ್ತಕದಲ್ಲಿ ಹೇಳಿದ ಜಾಗಕ್ಕೆ ನಾನು ಇವತ್ತೇ ಪರದೆ ಕಟ್ಟಬಲ್ಲೆ. ಆದರೆ ಅಪ್ಪನದು ಅದಕ್ಕಿಂತ ಕೂದಲೆಳೆ ಕೆಳಗಿತ್ತು. ಹುಡುಗನಾಗಿದ್ದಾಗ ನನ್ನ ಬೆರಳು ಅವರ ಗಂಟಿನ ಮೇಲೆ ತಾನೇ ಹೋಗಿ ಕೂರುತ್ತಿತ್ತು. ನಾನು ಕಿವಿಗೊಟ್ಟು ಕಲಿಯಲೇ ಇಲ್ಲ," ಎಂದ. ತಂದೆ ಹೋದಾಗ ಅವನು ಊರಿಗೆ ಹೋಗಿರಲಿಲ್ಲ. ಹೋದರೆ ಎರಡು ವರ್ಷದ ಕಡ್ಡಾಯ ಸೈನ್ಯದ ಸೇವೆಗೆ ಹಿಡಿಯುತ್ತಾರೆ. ತಂಡ, ಕಾರ್ಯಕ್ರಮ, ಐದು ವರ್ಷ ಕಟ್ಟಿದ್ದೆಲ್ಲ ಬಿಟ್ಟುಹೋಗುತ್ತದೆ. "ಅಪ್ಪನ ಮಣ್ಣಿಗೆ ಹೋಗಲಿಲ್ಲ. ಈ ವಾದ್ಯದಲ್ಲಾದರೂ ಅವರನ್ನು ಒಮ್ಮೆ ಕೇಳೋಣ ಎಂದಿದ್ದೆ," ಎಂದ.

ನಾನು ಕತ್ತರಿಸಿದ್ದು ಏನನ್ನು ಎಂದು ಆಗ ತಿಳಿಯಿತು. ತಲೆ ಎತ್ತಲಾಗಲಿಲ್ಲ.

"ಅವರು ನುಡಿಸುವಾಗ ಕೇಳುತ್ತಿದ್ದವರು ಬೇರೆ ಯಾರೂ ಇಲ್ಲವೇ?" ಎಂದು ಕೇಳಿದೆ.

"ಅಮ್ಮ. ಜೊತೆಗೆ ಮೆಲ್ಲಗೆ ಹಾಡುತ್ತಿದ್ದಳು. ಅಪ್ಪ ಹೋದ ಮೇಲೆ ಹಾಡಲು ಬಾಯಿ ತೆರೆದಿಲ್ಲವಂತೆ."

"ಫೋನ್ ಮಾಡು."

"ಪರದೆ ಕತ್ತರಿಸಿ ಹೋಗಿವೆ ಎಂದು ಹೇಗೆ ಹೇಳಲಿ?"

"ಧಾರವಾಡದ ಮುದುಕನೊಬ್ಬ ಕತ್ತರಿಸಿದ ಎಂದು ಹೇಳು. ನನ್ನ ಹೆಸರು ಈರಣ್ಣ. ಹೆಸರನ್ನೂ ಹೇಳು," ಎಂದೆ.

ಹನ್ನೊಂದಕ್ಕೆ ವಿದ್ಯಾ ಆಫೀಸಿಗೆ ಅರ್ಧ ರಜೆ ಹಾಕಿ ಬಂದಳು. ಮೂವರೂ ಸೆತಾರ್ ಹಿಡಿದು ಕೊಂಢವಾದ ದೊಡ್ಡ ರಸ್ತೆಯ ಫೋನ್ ಬೂತಿಗೆ ಹೋದೆವು. ನನ್ನ ಚೀಲದಲ್ಲಿ ಸಾರಂಗಿಗೆಂದು ಇಟ್ಟಿರುವ ಕರುಳಿನ ದಾರದ ಸುರುಳಿ, ಕತ್ತರಿ. ಗಾಜಿನ ಗೂಡಿನಲ್ಲಿ ಮೂವರು ಹಿಡಿಸುವಂತಿರಲಿಲ್ಲ. ಬೂತಿನ ಮರಾಠಿ ಯಜಮಾನನಿಗೆ ವಿದ್ಯಾ ಎಲ್ಲ ಹೇಳಿದಳು. ಅವನು ತನ್ನ ಮೇಜಿನ ಮೇಲಿದ್ದ ಸ್ಪೀಕರ್ ಫೋನನ್ನೇ ನಮ್ಮ ಕಡೆ ತಿರುಗಿಸಿ, ರಸ್ತೆಯ ಗದ್ದಲ ಬಾರದಂತೆ ಷಟರನ್ನು ಅರ್ಧ ಎಳೆದು, "ಸಾವಕಾಶ ಬೋಲಾ," ನಿಧಾನವಾಗಿ ಮಾತಾಡಿ, ಎಂದು ಹೊರಗೆ ಹೋಗಿ ಮಳೆಗೆ ಬೆನ್ನು ಕೊಟ್ಟು ನಿಂತ.

ಆರಶ್‌ನ ತಾಯಿ ಫೋನ್ ಎತ್ತಿದರು. ಅವರ ಭಾಷೆ ನನಗೆ ತಿಳಿಯದು. ಆರಶ್‌ನ ದನಿ ಕುಗ್ಗಿದ್ದು, ನನ್ನ ಹೆಸರು ಬಂದದ್ದು ಮಾತ್ರ ತಿಳಿಯಿತು. ಆ ಕಡೆ ಮಾತಿಲ್ಲ. ಲೈನು ಕಟ್ಟಾಯಿತು ಎಂದುಕೊಂಡೆ. ಆಮೇಲೆ ಅವರು ನಿಧಾನವಾಗಿ ಏನೋ ಹೇಳಿದರು. ಕೇಳುತ್ತ ಕೇಳುತ್ತ ಆರಶ್ ಮೇಜಿನ ಅಂಚು ಹಿಡಿದುಕೊಂಡ.

"ಏನಂತಾರ?" ಎಂದಳು ವಿದ್ಯಾ.

ಅವನು ನಮಗೆ ಹೇಳಿದ: "ಪ್ರತಿ ನೌರೋಜ್‌ಗೆ, ನಮ್ಮ ಹೊಸ ವರ್ಷಕ್ಕೆ, ಅಪ್ಪ ಆ ನಾಲ್ಕು ಪರದೆಗಳನ್ನು ತಾವೇ ಕತ್ತರಿಸಿ ಎಸೆಯುತ್ತಿದ್ದರಂತೆ. ಕರುಳು ಒಣಗುತ್ತದೆ, ಹೊಸದು ಬೇಕು. ಅಮ್ಮನನ್ನು ಎದುರಿಗೆ ಕೂರಿಸಿಕೊಂಡು, ಹಾಡು ಎನ್ನುತ್ತಿದ್ದರಂತೆ. ಅವಳ ದನಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಗಂಟು. ವರ್ಷ ವರ್ಷ ಅವಳ ದನಿ ಇಳಿದ ಹಾಗೆ ಪರದೆಯೂ ಇಳಿಯುತ್ತ ಬಂತಂತೆ. ನನಗೆ ಇದು ಗೊತ್ತೇ ಇರಲಿಲ್ಲ." ಸ್ವಲ್ಪ ತಡೆದು, "ನಾನು ಅಪ್ಪನದು ಎಂದುಕೊಂಡಿದ್ದು ಅಮ್ಮನದು," ಎಂದ.

ನಾನು ನೆಲದ ಮೇಲೆ ಕೂತು ದಾರ ಬಿಚ್ಚಿದೆ. ಆರಶ್ ಫೋನಿನ ಹತ್ತಿರ ಸೆತಾರ್ ಹಿಡಿದು ಖಾಲಿ ತಂತಿ ಮೀಟಿದ. ಶಿರಾಜ್‌ನಲ್ಲಿ ಅದು ಕೇಳಿಸಿರಬೇಕು. ಒಂದು ಕೆಮ್ಮು, ಒಂದು ಉಸಿರು, ಆಮೇಲೆ ಒಬ್ಬ ಮುದುಕಿಯ ದನಿ. ಗರಗರ ಎನ್ನುವ ಲೈನಿನಲ್ಲಿ, ಒರಟಾಗಿ, ಒಂದು ವರ್ಷದಿಂದ ಬಳಸದ ದನಿ. ಮೂರನೆಯ ಸ್ವರಕ್ಕೆ ಬಂದು ನಿಂತಿತು. ನಾನು ಗಂಟನ್ನು ಸರಿಸಿದೆ, ಆರಶ್ ಮೀಟಿದ. ಅವರು ಒಂದು ಶಬ್ದ ಹೇಳಿದರು. "ಇನ್ನೂ ಕೆಳಗೆ," ಎಂದ ಆರಶ್. ಸರಿಸಿದೆ. ಮತ್ತೆ ಕೆಳಗೆ. ನನ್ನ ಕಿವಿ ಬೇಡ ಬೇಡ ಎನ್ನುತ್ತಿತ್ತು, ಕೈ ಮಾತ್ರ ಅವರ ಮಾತು ಕೇಳಿತು. ಒಂದು ಜಾಗದಲ್ಲಿ ತಂತಿಯೂ ದನಿಯೂ ಸೇರಿದವು. ಅವರು ತಿದ್ದಲಿಲ್ಲ, ಹಾಡನ್ನು ಮುಂದುವರಿಸಿದರು. ನಲವತ್ತು ವರ್ಷ ನಾನು ತಪ್ಪೆಂದು ತಿದ್ದುತ್ತ ಬಂದ ಸ್ವರ ಅದು. ಅದು ಅಲ್ಲಿ ಕೂತಾಗ ಗಂಟು ಬಿಗಿದು ದಾರದ ತುದಿ ಕತ್ತರಿಸಿದೆ.

ಹೀಗೆ ಮೂರು ಗಂಟು ಕಟ್ಟಿದೆವು. ನಾಲ್ಕನೆಯದು ಹಾಡಿನ ಕೊನೆಯ ಏರಿಕೆಯಲ್ಲಿ ಬರುವುದು. ನಾನು ದಾರ ಸುತ್ತಿ ಸಿದ್ಧನಾಗಿದ್ದೆ. ತಾಯಿ ಹಾಡಲಿಲ್ಲ. ಏನೋ ಹೇಳಿದರು. ಆರಶ್ ಬೇಡಿಕೊಂಡ. ಅವರು ಮತ್ತೆ ಅದನ್ನೇ ಹೇಳಿದರು, ಫೋನ್ ಇಟ್ಟರು.

"ಲೈನ್ ಹೋತೇನು?" ಎಂದು ಕೇಳಿದೆ ವಿದ್ಯಾಳನ್ನು.

ಇಲ್ಲವೆಂದು ಆರಶ್ ತಲೆಯಾಡಿಸಿದ. "ಇದೊಂದನ್ನು ಫೋನಿನಲ್ಲಿ ಹೇಳುವುದಿಲ್ಲವಂತೆ. ಇದು ಬೇಕಾದರೆ ಎದುರಿಗೆ ಬಂದು ಕೂರು ಎಂದಳು."

ವಿದ್ಯಾ ಕತ್ತರಿ ಎತ್ತಿ ನನ್ನ ಚೀಲಕ್ಕೆ ಹಾಕಿದಳು. ಮನೆಯ ಬಾಗಿಲಿಗೆ ಬಂದ ಮೇಲೆ, "ಸೈನ್ಯದಾಗ ಎರಡು ವರ್ಷ ಅಂದ್ರ ಭಾಳ ಆತು ಮಾಮಾ. ಅಷ್ಟರಾಗ ತಂಡ ಉಳಿಯೂದಿಲ್ಲ," ಎಂದಳು.

ಮೂರನೆಯ ದಿನ, ಆರಶ್‌ನ ತಂದೆ ಹೋಗಿ ವರ್ಷ ತುಂಬಿದ ದಿನ, ಸಂಜೆ ಆರಕ್ಕೆ ಕಾರ್ಯಕ್ರಮ. ಒಂದು ಕಾಲೇಜಿನ ಸಣ್ಣ ಸಭಾಂಗಣ, ತಗಡಿನ ಮಾಡಿನ ಮೇಲೆ ಮಳೆ. ಜನ ನೂರರೊಳಗೆ. ನಾನೂ ಗಂಗಕ್ಕನೂ ಮುಂದಿನ ಸಾಲಿನಲ್ಲಿ. ಡ್ರಮ್ಮಿನವನು ಕೋಲು ಬಿಟ್ಟು ಬೆರಳ ತುದಿಯಿಂದ ಬಾರಿಸಿದ. ಗಿಟಾರು ಕೆಳದನಿಯಲ್ಲಿ ನಡೆಯಿತು. ಗುಬ್ಬಿಯ ದನಿಗೆ ಜಾಗ ಮಾಡಿಕೊಟ್ಟು ನುಡಿಸುತ್ತಿದ್ದರು. ಮೂಗು ಮುರಿದಿದ್ದಕ್ಕೆ ನಾಚಿಕೆಯಾಯಿತು. ಆ ನಡುವಿನ ಸ್ವರ ಬಂದಾಗಲೆಲ್ಲ ವಿದ್ಯಾ ಕೀಬೋರ್ಡಿನಿಂದ ಕೈ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು, ಎಲ್ಲರೂ ನಿಲ್ಲುತ್ತಿದ್ದರು, ಸೆತಾರ್ ಒಂದೇ ಕೇಳುತ್ತಿತ್ತು. ನನಗೆ ಅದರಲ್ಲಿ ಫೋನಿನ ಮುದುಕಿಯ ದನಿಯೇ ಕೇಳಿಸಿತು.

ಕೊನೆಯ ಏರಿಕೆ ಬಂತು. ಆರಶ್‌ನ ಬೆರಳು ಗಂಟಿಲ್ಲದ ಜಾಗಕ್ಕೆ ಹೋಗಿ ನಿಂತಿತು. ಅವನು ಮೀಟಲಿಲ್ಲ. ಬೇರೆ ಯಾರೂ ನುಡಿಸಲಿಲ್ಲ. ಮಾಡಿನ ಮೇಲೆ ಮಳೆ ಸುರಿಯುತ್ತಿತ್ತು. ಆ ಸ್ವರ ನಿಲ್ಲುವಷ್ಟು ಹೊತ್ತು ಬಿಟ್ಟು, ಕೆಳಗಿನ ಸ್ವರಕ್ಕೆ ಇಳಿದು ಮುಗಿಸಿದ. ಜನ ಚಪ್ಪಾಳೆ ತಟ್ಟಿದರು. ಗಂಗಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಏನೋ ಒಂದು ಉಳೀತಲ್ಲೋ ತಮ್ಮಾ," ಎಂದಳು. "ಹೌದು, ಉಳೀತು," ಎಂದೆ.

ನಾಲ್ಕನೆಯ ದಿನ ಬೆಳಿಗ್ಗೆ ಕಾತ್ರಜದಲ್ಲಿ ಏಳರ ಬಸ್ಸು. ಗಂಗಕ್ಕ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದಳು. ಮಳೆ ನಿಂತಿತ್ತು, ಘಾಟಿನ ಮೇಲೆ ಬಿಳಿ ಮೋಡ. ವಿದ್ಯಾಳ ಜೊತೆ ಆರಶ್ ಕೂಡ ಬಂದಿದ್ದ. ರಿಪೇರಿಯ ದುಡ್ಡಿನ ಲಕೋಟೆ ಮುಂದೆ ಹಿಡಿದ, ನಾನು ಮುಟ್ಟಲಿಲ್ಲ. ಅವನು ಒತ್ತಾಯ ಮಾಡಲಿಲ್ಲ, ಜೇಬಿಗೆ ಹಾಕಿಕೊಂಡ. ಚಹಾದಂಗಡಿಯ ಮುಂದೆ ಮೂವರೂ ಬಸ್ಸಿಗೆ ಕಾಯುತ್ತ ನಿಂತೆವು. ಸಾತಾರದ ಬಸ್ಸು ಹೋಯಿತು, ಸಾಂಗ್ಲಿಯ ಬಸ್ಸು ಹೋಯಿತು.

ನಮ್ಮ ಬಸ್ಸು ತಿರುವಿನಲ್ಲಿ ಕಾಣಿಸಿದಾಗ ಆರಶ್, "ಉಸ್ತಾದ್, ನಿಮ್ಮ ಚೀಲದಲ್ಲಿ ಆ ದಾರ ಇದೆಯೇ?" ಎಂದ.

"ಇದೆ. ಎಷ್ಟು ಬೇಕು?"

"ಒಂದು ಗಂಟಿಗೆ ಆಗುವಷ್ಟು."

ಕೇಳಿದ ಕೂಡಲೇ ವಿದ್ಯಾ ಮುಖ ತಿರುಗಿಸಿ ಘಾಟಿನ ಕಡೆ ನೋಡುತ್ತ ನಿಂತಳು. ನಾನು ಸುರುಳಿ ಬಿಚ್ಚಿ ಮೊಳದಷ್ಟು ಅಳೆದೆ. ಕತ್ತರಿ ಕೈಯಲ್ಲಿ ಹಿಡಿದವನು ಈ ಸಲ ನಿಂತು, "ಕತ್ತರಿಸಲೇನು?" ಎಂದು ಕೇಳಿದೆ. ಅವನು ವಿದ್ಯಾಳ ಕಡೆ ನೋಡಿದ. ಅವಳು ಈ ಕಡೆ ತಿರುಗದೆ, "ಕತ್ತರಸ್ರಿ ಮಾಮಾ," ಎಂದಳು. ನನ್ನನ್ನು ಎಂದೂ ಬಹುವಚನದಲ್ಲಿ ಕರೆದವಳಲ್ಲ. ಕತ್ತರಿಸಿ ಅವನ ಅಂಗೈಯಲ್ಲಿಟ್ಟೆ.

ಕಂಡಕ್ಟರ್ ಸೀಟಿ ಊದಿದ. ತೊಡೆಯ ಮೇಲೆ ಈಗ ಏನೂ ಇರಲಿಲ್ಲ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಬಸ್ಸು ಘಾಟು ಹತ್ತುವ ಮುಂಚೆ ಹಿಂದಿನ ಗಾಜಿನಲ್ಲಿ ನೋಡಿದೆ. ರಿಕ್ಷಾ ಬಂದು ನಿಂತಿತ್ತು. ವಿದ್ಯಾ ಹತ್ತಿ ಕೂತಿದ್ದಳು. ಆರಶ್ ರಸ್ತೆಯ ಬದಿಯಲ್ಲೇ ನಿಂತು, ದಾರವನ್ನು ಕೈಬೆರಳಿಗೆ ಸುತ್ತಿ, ಮತ್ತೆ ಬಿಚ್ಚಿ, ಮತ್ತೆ ಸುತ್ತುತ್ತಿದ್ದ.